ಕಾಡಿನ ಹೆಜ್ಜೆಗುರುತು

ಮಾದಾಪುರವು ಕೊಡಗು ಜಿಲ್ಲೆಯ ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ ಒಂದು ಸಣ್ಣ ಊರು. ಊರಿನ ಸುತ್ತಲೂ ಕಾಫಿ ಮತ್ತು ಏಲಕ್ಕಿಯ ತೋಟಗಳು, ತಗ್ಗಿನಲ್ಲಿ ಬತ್ತದ ಗದ್ದೆಗಳು, ಸಮೀಪದಲ್ಲಿಯೇ ತಲೆಯೆತ್ತಿ ನಿಂತ ಕೋಟೆಬೆಟ್ಟ. ಅಲ್ಲಿಂದ ವಾಯವ್ಯದ ಕಡೆಗೆ ಕಣ್ಣು ಹಾಯಿಸಿದರೆ ಬೆಟ್ಟದ ಮೇಲೆ ಬೆಟ್ಟ ಏರುತ್ತ ಹೋಗಿ 1,712 ಮೀಟರ್ ಎತ್ತರದ ಪುಷ್ಪಗಿರಿಯಲ್ಲಿ ಮುಗಿಲನ್ನು ಮುಟ್ಟುತ್ತವೆ. ಆ ಬೆಟ್ಟಗಳ ಮಡಿಲಲ್ಲಿರುವ ಕಾಡು ನಿತ್ಯಹರಿದ್ವರ್ಣದ ಹಳೆಯ ಕಾಡು. ಧೂಪ, ನಾಗಸಂಪಿಗೆ, ಸುರಹೊನ್ನೆ, ಹೆಬ್ಬಲಸು, ಬಲಗಿ ಮುಂತಾದ ಮಹಾವೃಕ್ಷಗಳು ಅಲ್ಲಿ ತಲೆಗೆ ತಲೆ ತಾಗಿಸಿ ನಿಂತಿವೆ. 1987ರಲ್ಲಿ ಈ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಹುತ್ತರಿ ಹಬ್ಬ ಮುಗಿದು ಹೊಸ ಅಕ್ಕಿ ಮನೆಗೆ ಬಂದ ಮೇಲೆ ಇಲ್ಲಿ ಚಳಿಗಾಲ ಬಲಿಯುತ್ತದೆ. ನಾಲ್ಕೈದು ತಿಂಗಳು ಎಡೆಬಿಡದೆ ಸುರಿದ ಮಳೆ ನಿಂತಿರುತ್ತದೆ; ಜಿಗಣೆಗಳ ಕಾಟ ಕಡಿಮೆಯಾಗಿರುತ್ತದೆ; ಹೊಳೆಗಳು ಇಳಿದು ದಡದ ಮರಳು ಮೇಲೆ ಬಂದಿರುತ್ತದೆ. ಬೆಳಗಿನ ಮಂಜು ನೆಲವನ್ನು ಹದವಾಗಿ ತೋಯಿಸಿ, ಅದರ ಮೇಲೆ ನಡೆದುಹೋದ ಪ್ರತಿಯೊಂದು ಪ್ರಾಣಿಯ ಹೆಜ್ಜೆಯನ್ನೂ ಅಚ್ಚೊತ್ತಿಸಿಕೊಳ್ಳುತ್ತದೆ. ಕಾಡಿನ ಪ್ರಾಣಿಗಳ ಜಾಡನ್ನು ಓದಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಅರಣ್ಯ ಇಲಾಖೆಯ ಸಿಬ್ಬಂದಿ ತಮ್ಮ ತಮ್ಮ ಗಸ್ತಿನ ಪ್ರದೇಶಗಳಲ್ಲಿ ನಡೆದು ಹುಲಿ, ಚಿರತೆ, ಕೆನ್ನಾಯಿಗಳ ಗುರುತುಗಳನ್ನು ದಾಖಲೆ ಮಾಡುವ ಸಮೀಕ್ಷೆಯು ಮಳೆ ನಿಂತ ಮೇಲಿನ ಈ ತಿಂಗಳುಗಳಲ್ಲಿಯೇ ನಡೆಯುವುದಕ್ಕೆ ಕಾರಣವೂ ಇದೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜಾಡು ಹಿಡಿದು ಹೋಗುವ ಕಥೆಗಳಲ್ಲಿ ನಾವು ಹೆಚ್ಚಾಗಿ ಓದುವುದು ತೋಳದ ಸಂಗತಿಯನ್ನು. ಕೊಡಗಿನ ಈ ದಟ್ಟವಾದ ಕಾಡಿನಲ್ಲಿ ತೋಳ ಉಂಟೇ? ಇಲ್ಲ. "ತೋಳ ಬಂತು ತೋಳ" ಎಂದು ಕೂಗಿದ ಕುರಿಕಾಯುವ ಹುಡುಗನ ಕಥೆಯನ್ನು ಬಾಲ್ಯದಲ್ಲಿ ಕೇಳದವರು ವಿರಳ. ಆ ಹುಡುಗ ಕೊಡಗಿನವನಾಗಿದ್ದರೆ ಅವನ ಮಾತನ್ನು ಮೊದಲ ಸಲವೂ ಯಾರೂ ನಂಬುತ್ತಿರಲಿಲ್ಲವೇನೋ! ನಮ್ಮ ನಾಡಿನ ತೋಳ ಬಯಲುಸೀಮೆಯ ಪ್ರಾಣಿ. ಕುರುಚಲು ಗಿಡಗಳಿರುವ ಬೋಳುಗುಡ್ಡ, ಹುಲ್ಲುಗಾವಲು, ಬಂಡೆಗಳ ಸಂದು, ಕುರಿಮಂದೆಗಳು ಓಡಾಡುವ ಬಯಲು, ಇವೇ ಅದರ ನೆಲೆ. ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ, ತುಮಕೂರು ಮುಂತಾದ ಕಡೆಗಳಲ್ಲಿ ಅದು ಇಂದಿಗೂ ಉಳಿದಿದೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 1974ರಲ್ಲಿ ಸ್ಥಾಪಿತವಾದ ವನ್ಯಜೀವಿಧಾಮವು ಮುಖ್ಯವಾಗಿ ತೋಳಗಳಿಗಾಗಿಯೇ ಮೀಸಲಾದುದು. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದ ಬಂಡೆಗಾಡನ್ನೂ ಇತ್ತೀಚಿನ ವರ್ಷಗಳಲ್ಲಿ ತೋಳಗಳ ಧಾಮವಾಗಿ ಆರಿಸಿಕೊಳ್ಳಲಾಗಿದೆ.

ಬಯಲಿನಲ್ಲಿ ತೋಳಕ್ಕಿರುವ ಸ್ಥಾನ ಮಲೆನಾಡಿನಲ್ಲಿ ಇನ್ನೊಂದು ಪ್ರಾಣಿಗೆ ಸಂದಿದೆ. ಅದೇ ಕೆನ್ನಾಯಿ. ಮೈಬಣ್ಣ ಕೆಂಪಾಗಿರುವುದರಿಂದ ಕೆನ್ನಾಯಿಯೆಂದೂ, ಊರ ಹಂಗಿಲ್ಲದೆ ಕಾಡಿನಲ್ಲಿ ಬಾಳುವುದರಿಂದ ಕಾಡುನಾಯಿಯೆಂದೂ, ಬೇಟೆಯನ್ನು ಸೀಳಿ ತಿನ್ನುವುದರಿಂದ ಸೀಳುನಾಯಿಯೆಂದೂ ಇದನ್ನು ಕರೆಯುತ್ತಾರೆ. ಗುಂಪು ಚದುರಿದಾಗ ಇವು ಒಂದನ್ನೊಂದು ಕೂಗಿಕೊಳ್ಳುವ ಧ್ವನಿ ಬೊಗಳುವಿಕೆಯಲ್ಲ, ಮೃದುವಾದ ಸಿಳ್ಳು. ಆದ್ದರಿಂದ ಸಿಳ್ಳುನಾಯಿ ಎಂದು ಹೆಸರಿಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ. ಹೆಸರಿನಲ್ಲಿ ನಾಯಿ ಇದ್ದರೂ ಇದು ನಮ್ಮ ಮನೆಯ ನಾಯಿಯ ಪೂರ್ವಜನಲ್ಲ. ಊರುನಾಯಿ ತೋಳದ ವಂಶಕ್ಕೆ ಸೇರಿದ್ದು. ಕೆನ್ನಾಯಿಯದು ಬೇರೆಯೇ ಕುಲ. ನಾಯಿಗೂ ತೋಳಕ್ಕೂ ನಲವತ್ತೆರಡು ಹಲ್ಲುಗಳಿದ್ದರೆ ಇದಕ್ಕೆ ನಲವತ್ತೇ ಹಲ್ಲು.

ತೋಳದ ಜಾಡು ಹಿಡಿಯುವ ವಿದ್ಯೆ ಬಹಳ ಎತ್ತರಕ್ಕೆ ಬೆಳೆದದ್ದು ಹಿಮ ಬೀಳುವ ದೇಶಗಳಲ್ಲಿ. ಪೋಲೆಂಡ್ ಮತ್ತು ಬೆಲಾರೂಸ್ ದೇಶಗಳ ಗಡಿಯಲ್ಲಿ ಬಿಯಾವೊವಿಯೇಜಾ ಎಂಬ ಪುರಾತನ ಅರಣ್ಯವಿದೆ. ಯುರೋಪಿನ ಬಯಲುಗಳನ್ನೆಲ್ಲ ಒಂದು ಕಾಲದಲ್ಲಿ ಆವರಿಸಿದ್ದ ಮಹಾರಣ್ಯದಲ್ಲಿ ಕೊಡಲಿಗೆ ಸಿಕ್ಕದೆ ಉಳಿದ ತುಣುಕು ಅದು. ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದ ಮರುದಿನ ಬೆಳಗ್ಗೆ ನೆಲವು ಬಿಳಿಯ ಹಾಳೆಯಂತಿರುತ್ತದೆ. ರಾತ್ರಿ ಯಾವ ಪ್ರಾಣಿ ಯಾವ ಹೊತ್ತಿನಲ್ಲಿ ಎತ್ತ ಹೋಯಿತು, ಎಲ್ಲಿ ನಿಂತಿತು, ಎಲ್ಲಿ ಮಲಗಿತು, ಎಲ್ಲಿ ಜಿಂಕೆಯನ್ನು ಬೆನ್ನಟ್ಟಿತು, ಎಲ್ಲವೂ ಅದರ ಮೇಲೆ ಬರೆದಿರುತ್ತದೆ. ಅಲ್ಲಿನ ವಿಜ್ಞಾನಿಗಳು ತೋಳದ ಗುಂಪುಗಳನ್ನು ವರ್ಷಾನುಗಟ್ಟಲೆ ಹೀಗೆಯೇ ಅಭ್ಯಾಸಮಾಡಿದರು. ಮಾರ್ಗದರ್ಶಿಯೊಡನೆ ಹೋಗಿ ಜಾಡು ನೋಡಿ ಬರುವ ಆಸಕ್ತರೂ ಉಂಟು.

ಆದರೆ ಹಿಮದಲ್ಲಿಯೂ ತೋಳ ತನ್ನ ಗುಟ್ಟನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ದಪ್ಪ ಹಿಮದಲ್ಲಿ ಕಾಲು ಹೂಳುವುದರಿಂದ ನಡೆಯುವ ಶ್ರಮವನ್ನು ಕಡಿಮೆಮಾಡಿಕೊಳ್ಳಲು ಗುಂಪಿನ ತೋಳಗಳು ಒಂದರ ಹಿಂದೆ ಒಂದಾಗಿ, ಮುಂದಿನದು ಇಟ್ಟ ಹೆಜ್ಜೆಯಲ್ಲಿಯೇ ಹೆಜ್ಜೆಯಿಟ್ಟು ಸಾಗುತ್ತವೆ. ಆರು ತೋಳಗಳು ಹೋಗಿದ್ದರೂ ನೋಡುವವನಿಗೆ ಒಂದೇ ತೋಳ ಹೋದಂತೆ ತೋರುತ್ತದೆ. ಅನುಭವಿಯಾದವನು ಅಲ್ಲಿ ನಿಂತು ಎಣಿಸುವುದಿಲ್ಲ. ಅಡ್ಡಬಿದ್ದ ಮರವನ್ನು ದಾಟುವ ಕಡೆ, ದಾರಿ ಕವಲೊಡೆಯುವ ಕಡೆ, ತಿರುವಿನಲ್ಲಿ, ಗುಂಪು ಚದುರುವವರೆಗೆ ಆ ಜಾಡಿನ ಜೊತೆಗೆ ನಡೆಯುತ್ತಾನೆ. ಅಲ್ಲಿ ಒಂದು ಸಾಲು ಆರು ಸಾಲುಗಳಾಗಿ ಬಿಚ್ಚಿಕೊಳ್ಳುತ್ತದೆ.

ಕೊಡಗಿನಲ್ಲಿ ಹಿಮವಿಲ್ಲ. ನಾವು ಮಂಜು ಎನ್ನುವುದು ಬೆಳಗಿನ ಇಬ್ಬನಿಯನ್ನು. ಅದು ಎಂಟು ಗಂಟೆಯ ಬಿಸಿಲಿಗೆ ಆರಿಹೋಗುತ್ತದೆ. ಅಷ್ಟೇ ಅಲ್ಲ, ಹಳೆಯ ಕಾಡಿನ ನೆಲದ ಮೇಲೆ ತರಗೆಲೆ ಹಾಸಿಗೆಯಂತೆ ಬಿದ್ದಿರುತ್ತದೆ. ಅದರ ಮೇಲೆ ಆನೆ ನಡೆದರೂ ಗುರುತು ಸ್ಪಷ್ಟವಾಗಿ ಉಳಿಯುವುದು ಕಷ್ಟ. ಇಪ್ಪತ್ತು ಕಿಲೋ ತೂಗದ ಕೆನ್ನಾಯಿಯ ಮಾತೇನು? ಆದ್ದರಿಂದ ಇಲ್ಲಿ ಜಾಡು ಓದುವವನು ಕಾಡನ್ನೆಲ್ಲ ಹುಡುಕುವುದಿಲ್ಲ. ಕಾಡು ಎಲ್ಲೆಲ್ಲಿ ಬರೆಯುತ್ತದೆಯೋ ಅಲ್ಲಿಗೆ ಮಾತ್ರ ಹೋಗುತ್ತಾನೆ. ಹೊಳೆಯ ದಂಡೆಯ ಮರಳು, ಕೆರೆಯಂಚಿನ ಕೆಸರು, ಆನೆಗಳು ತುಳಿದು ಮಾಡಿದ ದಾರಿ, ಇಲಾಖೆಯ ಜೀಪು ಓಡಾಡುವ ಮಣ್ಣಿನ ರಸ್ತೆ, ಪ್ರಾಣಿಗಳು ಉಪ್ಪು ನೆಕ್ಕಲು ಬರುವ ಜಾಗ, ಇವು ಆ ಪುಸ್ತಕದ ಪುಟಗಳು. ಮನುಷ್ಯನಂತೆ ಹುಲಿ, ಚಿರತೆ, ಕೆನ್ನಾಯಿಗಳೂ ಮುಳ್ಳುಕಂಟಿಯಲ್ಲಿ ನುಗ್ಗುವುದಕ್ಕಿಂತ ಸವೆದ ದಾರಿಯಲ್ಲಿ ನಡೆಯಲು ಇಷ್ಟಪಡುತ್ತವೆ. ಅಂಗಾಲು ಮೆತ್ತಗಿರುವ ಪ್ರಾಣಿಗೆ ನುಣ್ಣನೆಯ ಮಣ್ಣು ಹಿತ.

ಈ ಪುಟಗಳಲ್ಲಿ ಮೊದಲು ಕಲಿಯಬೇಕಾದ ಅಕ್ಷರಗಳು ಎರಡು. ಒಂದು ಬೆಕ್ಕಿನ ಕುಲದ ಹೆಜ್ಜೆ, ಇನ್ನೊಂದು ನಾಯಿಯ ಕುಲದ ಹೆಜ್ಜೆ. ಎರಡರಲ್ಲಿಯೂ ನಾಲ್ಕು ಬೆರಳುಗಳ ಅಚ್ಚು, ಅವುಗಳ ಹಿಂದೆ ಒಂದು ದೊಡ್ಡ ಅಂಗಾಲಿನ ಅಚ್ಚು ಕಾಣುತ್ತದೆ. ಬೆಕ್ಕು, ಚಿರತೆ, ಹುಲಿಗಳು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುವುದರಿಂದ ಉಗುರಿನ ಗುರುತು ಬೀಳುವುದಿಲ್ಲ; ಹೆಜ್ಜೆ ಒಟ್ಟಿನಲ್ಲಿ ದುಂಡಗಿರುತ್ತದೆ; ಅಂಗಾಲಿನ ಹಿಂಬದಿಯ ಅಂಚು ಮೂರು ಉಬ್ಬುಗಳಾಗಿ ಒಡೆದಿರುತ್ತದೆ. ನಾಯಿ, ನರಿ, ತೋಳ, ಕೆನ್ನಾಯಿಗಳಿಗೆ ಉಗುರನ್ನು ಹಾಗೆ ಒಳಗೆಳೆದುಕೊಳ್ಳಲು ಬರುವುದಿಲ್ಲ. ಆದ್ದರಿಂದ ಪ್ರತಿ ಬೆರಳಿನ ಮುಂದೆ ಸೂಜಿಯಿಂದ ಚುಚ್ಚಿದಂತೆ ಒಂದು ಚುಕ್ಕೆ ಬೀಳುತ್ತದೆ, ಹೆಜ್ಜೆಯೂ ಅಗಲಕ್ಕಿಂತ ಉದ್ದವಾಗಿರುತ್ತದೆ. ಆದರೂ ಒಂದು ಎಚ್ಚರಿಕೆ ಬೇಕು. ಜಾರುವ ಕೆಸರಿನಲ್ಲಿ ಹುಲಿಯೂ ಉಗುರು ಚಾಚಿ ಊರಿಕೊಳ್ಳುವುದುಂಟು. ಒಂದು ಹೆಜ್ಜೆ ನೋಡಿ ಹೆಸರು ಹೇಳುವವನನ್ನು ಕಾಡು ಬಲ್ಲವರು ನಂಬುವುದಿಲ್ಲ. ಹತ್ತು ಹೆಜ್ಜೆಗಳನ್ನು ಸಾಲಾಗಿ ನೋಡಿ ಆಮೇಲೆ ಮಾತನಾಡಬೇಕು.

ಗೊರಸಿನ ಪ್ರಾಣಿಗಳದು ಬೇರೆಯ ಲಿಪಿ. ಕಡವೆ, ಜಿಂಕೆ, ಕಾಡುಕುರಿಗಳ ಗೊರಸು ಸೀಳಿ ಎರಡು ಎಸಳುಗಳಂತೆ ಬೀಳುತ್ತದೆ. ಗಾತ್ರದಿಂದ ಅವುಗಳನ್ನು ಗುರುತಿಸಬಹುದು. ಕಾಟಿಯ ಗೊರಸು ದನದ್ದಕ್ಕಿಂತ ದೊಡ್ಡದು. ಕರಡಿಯ ಹಿಂಗಾಲಿನ ಹೆಜ್ಜೆ ಬರಿಗಾಲಿನ ಮನುಷ್ಯನ ಹೆಜ್ಜೆಯಂತೆ ಕಂಡು ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಆನೆಯ ಹೆಜ್ಜೆಯನ್ನು ಯಾರೂ ತಪ್ಪಲಾರರು. ಅದರಲ್ಲಿ ಸ್ವಾರಸ್ಯವಾದ ಒಂದು ಲೆಕ್ಕವಿದೆ. ಆನೆಯ ಮುಂಗಾಲಿನ ಅಚ್ಚಿನ ಸುತ್ತಳತೆಯನ್ನು ಹಗ್ಗದಿಂದ ಅಳೆದು ಎರಡರಿಂದ ಗುಣಿಸಿದರೆ ಭುಜದವರೆಗಿನ ಅದರ ಎತ್ತರ ಹೆಚ್ಚು ಕಡಿಮೆ ಸರಿಯಾಗಿ ಸಿಕ್ಕುತ್ತದೆ.

ಯಾರ ಹೆಜ್ಜೆ ಎಂಬುದನ್ನು ಕಲಿಯುವುದು ಸುಲಭ. ಯಾವಾಗಿನ ಹೆಜ್ಜೆ ಎಂಬುದನ್ನು ಹೇಳುವುದೇ ಈ ವಿದ್ಯೆಯ ಕಷ್ಟದ ಭಾಗ. ಕಾಡಿನಲ್ಲಿ ನಡೆಯುವವನ ಪ್ರಾಣವೂ ಕೆಲವೊಮ್ಮೆ ಇದನ್ನು ಅವಲಂಬಿಸಿರುತ್ತದೆ. ನಿನ್ನೆಯ ಆನೆ ಯಾರಿಗೂ ಅಪಾಯವಲ್ಲ, ಹತ್ತು ನಿಮಿಷದ ಹಿಂದಿನ ಆನೆ ಬಿದಿರು ಮೆಳೆಯ ಆಚೆಗೇ ಇದ್ದೀತು. ಹೊಸ ಹೆಜ್ಜೆಯ ಅಂಚು ಚೂರಿಯಿಂದ ಕತ್ತರಿಸಿದಂತೆ ಚೂಪಾಗಿರುತ್ತದೆ. ಬಿಸಿಲು ಗಾಳಿಗಳು ತಾಗುತ್ತ ಹೋದಂತೆ ಅಂಚಿನ ಮಣ್ಣಿನ ಕಣಗಳು ಒಳಗೆ ಉದುರಿ ಅದು ಮೊಂಡಾಗುತ್ತದೆ. ಇಬ್ಬನಿ ಬಿದ್ದ ಮೇಲೆ ತುಳಿದ ನೆಲದಲ್ಲಿ ಹೆಜ್ಜೆಯೊಳಗಿನ ಮಣ್ಣು ಒತ್ತಿಹೋಗಿ ಬೇರೆ ಬಣ್ಣದ್ದಾಗಿ ಕಾಣುತ್ತದೆ. ಇಬ್ಬನಿಗೆ ಮೊದಲೇ ತುಳಿದಿದ್ದರೆ ಇಬ್ಬನಿಯ ಹನಿಗಳ ಸಣ್ಣ ಸಣ್ಣ ಗುಳಿಗಳು ಹೆಜ್ಜೆಯ ಒಳಗೂ ಹೊರಗೂ ಒಂದೇ ಸಮನಾಗಿ ಇರುತ್ತವೆ. ಅಚ್ಚಿನ ಒಳಗೆ ತರಗೆಲೆಯೊಂದು ಬಿದ್ದಿದ್ದರೆ, ಆ ಎಲೆ ತುಳಿಯಲ್ಪಟ್ಟಿದೆಯೋ ಆಮೇಲೆ ಉದುರಿದೆಯೋ ಎಂದು ನೋಡಬೇಕು. ಇರುವೆಯ ಸಾಲೊಂದು ಹೆಜ್ಜೆಯನ್ನು ಅಡ್ಡಹಾದು ಎಂದಿನಂತೆ ಸಾಗುತ್ತಿದ್ದರೆ ಪ್ರಾಣಿ ಹೋಗಿ ಸಾಕಷ್ಟು ಹೊತ್ತಾಗಿದೆ ಎಂದು ತಿಳಿಯಬಹುದು. ದಾರಿಗೆ ಅಡ್ಡವಾಗಿ ಜೇಡ ನೇಯ್ದ ಬಲೆ ಹರಿಯದೆ ಉಳಿದಿದ್ದರೆ ಬೆಳಗಿನಿಂದ ಆ ಎತ್ತರದ ಪ್ರಾಣಿ ಯಾವುದೂ ಆ ಕಡೆ ಬಂದಿಲ್ಲ. ತುಳಿದ ಹುಲ್ಲು ಎಷ್ಟು ಮೇಲೆದ್ದಿದೆ, ಮುರಿದ ಗಿಡದ ಹಾಲು ಎಷ್ಟು ಹೆಪ್ಪುಗಟ್ಟಿದೆ, ಲದ್ದಿಯ ಒಳಗೆ ಬಿಸಿಯಿದೆಯೇ, ಇವೆಲ್ಲವೂ ಗಡಿಯಾರದ ಮುಳ್ಳುಗಳೇ. ಯಾವುದೊಂದೂ ತಾನೇ ಪೂರ್ಣ ಸಾಕ್ಷಿಯಲ್ಲ. ನಾಲ್ಕೈದು ಸಾಕ್ಷಿಗಳು ಒಂದೇ ಮಾತು ಹೇಳಿದಾಗ ಮಾತ್ರ ನಂಬಬೇಕು.

ಕೆನ್ನಾಯಿಯ ಹೆಜ್ಜೆ ಸಾಧಾರಣ ಊರುನಾಯಿಯ ಹೆಜ್ಜೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಕಾಡಂಚಿನ ಊರುಗಳ ನಾಯಿಗಳು ತೋಟದಾಚೆಗೆ ಅಲೆಯುವುದರಿಂದ ಗೊಂದಲಕ್ಕೆ ಅವಕಾಶ ಹೆಚ್ಚು. ಇಲ್ಲಿ ನೆರವಿಗೆ ಬರುವುದು ಹೆಜ್ಜೆಗಿಂತ ಮಲ. ಕೇಳಲು ಅಸಹ್ಯವೆನಿಸಿದರೂ ವನ್ಯಜೀವಿಶಾಸ್ತ್ರದಲ್ಲಿ ಮಲಕ್ಕಿರುವ ಬೆಲೆ ದೊಡ್ಡದು. ಕೆನ್ನಾಯಿಗಳ ಗುಂಪು ಎರಡು ದಾರಿಗಳು ಕೂಡುವ ಸ್ಥಳವನ್ನು ಆರಿಸಿಕೊಂಡು ಅಲ್ಲಿ ಒಟ್ಟಾಗಿ ಮಲವಿಸರ್ಜಿಸುತ್ತದೆ. ಒಂದೇ ಕಡೆ ಐದಾರು ರಾಶಿಗಳು ಬಿದ್ದಿದ್ದು, ಅವುಗಳಲ್ಲಿ ಜಿಂಕೆಯ ರೋಮ, ಎಲುಬಿನ ಚೂರು ತುಂಬಿದ್ದರೆ ಅದು ಊರುನಾಯಿಯ ಕೆಲಸವಲ್ಲ. ಬೇರೆ ಗುಂಪುಗಳಿಗೆ ಅದು ಗಡಿಕಲ್ಲು, ತನ್ನ ಗುಂಪಿಗೆ ಸುದ್ದಿಯ ಹಲಗೆ. ಆ ರೋಮವನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ತಿಂದದ್ದು ಕಡವೆಯೋ ಜಿಂಕೆಯೋ ಹಂದಿಯೋ ತಿಳಿಯುತ್ತದೆ. ಡಾ. ಎ. ಜೆ. ಟಿ. ಜಾನ್‌ಸಿಂಗ್ ಅವರು 1976ರಿಂದ 1978ರವರೆಗೆ ಬಂಡೀಪುರದಲ್ಲಿ ಕೆನ್ನಾಯಿಗಳನ್ನು ಅಭ್ಯಾಸಮಾಡಿದಾಗ, ಕಣ್ಣಾರೆ ಕಂಡ ಬೇಟೆಗಳ ಜೊತೆಗೆ ಇಂಥ ಗುರುತುಗಳೇ ಅವರಿಗೆ ಆಧಾರವಾದವು. ಭಾರತೀಯರೊಬ್ಬರು ದೊಡ್ಡ ಮಾಂಸಾಹಾರಿ ಪ್ರಾಣಿಯೊಂದನ್ನು ಕಾಡಿನಲ್ಲಿಯೇ ನೆಲೆಸಿ ಹೀಗೆ ಅಭ್ಯಾಸಮಾಡಿದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಅದು ನಡೆದದ್ದು ನಮ್ಮ ರಾಜ್ಯದಲ್ಲಿ ಎಂಬುದು ನಾವು ಹೆಮ್ಮೆಪಡುವ ಸಂಗತಿ.

ಚಳಿಗಾಲವು ಕೆನ್ನಾಯಿಗೆ ಸಂಸಾರದ ಕಾಲ. ನವೆಂಬರಿನಿಂದ ಫೆಬ್ರವರಿ, ಮಾರ್ಚಿಯೊಳಗೆ ಹೆಣ್ಣು ಮರಿಹಾಕುತ್ತದೆ. ಬಂಡೆಯ ಪೊಟರೆ, ಹಳ್ಳದ ದಂಡೆಯ ಬಿಲ, ಮುಳ್ಳುಹಂದಿ ತೋಡಿಬಿಟ್ಟ ಗವಿ, ಇವು ಅದರ ಬಾಣಂತಿಯ ಕೋಣೆ. ಸಾಮಾನ್ಯವಾಗಿ ಗುಂಪಿನಲ್ಲಿ ಒಂದೇ ಜೋಡಿ ಮರಿಮಾಡುತ್ತದೆ. ಉಳಿದವು ಆ ಮರಿಗಳ ಚಿಕ್ಕಮ್ಮ, ಸೋದರಮಾವಂದಿರಂತೆ. ಬೇಟೆಗೆ ಹೋದವು ಹೊಟ್ಟೆತುಂಬ ಮಾಂಸ ತುಂಬಿಕೊಂಡು ಬಂದು, ಗೂಡಿನ ಬಾಯಲ್ಲಿ ಅದನ್ನು ಕಕ್ಕಿ ತಾಯಿಗೂ ಮರಿಗಳಿಗೂ ಉಣಿಸುತ್ತವೆ. ಮರಿಗಳು ಬೆಳೆದು ಗುಂಪಿನ ಜೊತೆ ಓಡಾಡತೊಡಗಿದಾಗ, ಬೇಟೆಯ ಬಳಿ ಮೊದಲ ಪಂಕ್ತಿ ಅವಕ್ಕೇ. ಹಿರಿಯವು ಸುತ್ತ ನಿಂತು ಕಾಯುತ್ತವೆ. ಜಾಡಿನಲ್ಲಿ ಈ ಸಂಸಾರವು ಸ್ಪಷ್ಟವಾಗಿ ತೋರುತ್ತದೆ. ಬೇರೆ ತಿಂಗಳುಗಳಲ್ಲಿ ಗುಂಪು ಇಂದು ಇಲ್ಲಿ ನಾಳೆ ಅಲ್ಲಿ ಎಂದು ಅಲೆಯುತ್ತಿದ್ದರೆ, ಈಗ ದಿನದಿನವೂ ಅದೇ ಹಳ್ಳದ ಕಡೆಗೆ ಹೋಗುವ, ಅಲ್ಲಿಂದ ಬರುವ ಹೆಜ್ಜೆಗಳು ಕಾಣುತ್ತವೆ. ಚಕ್ರದ ಅರೆಕಾಲುಗಳು ಗುಂಭಕ್ಕೆ ಸೇರುವಂತೆ ಹಲವು ದಾರಿಗಳ ಜಾಡು ಒಂದು ಕೇಂದ್ರವನ್ನು ಸೂಚಿಸುತ್ತದೆ.

ಇಂಥ ಕಡೆ ಬಲ್ಲವನಾದ ಮಾರ್ಗದರ್ಶಿ ಜೊತೆಗಿದ್ದವರನ್ನು ಹಿಂದಕ್ಕೆ ತಿರುಗಿಸುತ್ತಾನೆ. ಗೂಡಿನ ಬಳಿ ಮನುಷ್ಯನ ಸುಳಿವು ಸಿಕ್ಕರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಕಣ್ಣು ತೆರೆಯದ ಮರಿಗಳಿಗೆ ಆ ಪ್ರಯಾಣ ಕ್ಷೇಮಕರವಲ್ಲ. ಚಿರತೆ, ಹುಲಿಗಳ ಕಣ್ಣಿಗೆ ಬಿದ್ದರೆ ಮುಗಿಯಿತು. ಇನ್ನೊಂದು ಅಪಾಯವೂ ಉಂಟು. ಕಾಡಂಚಿನಲ್ಲಿ ಅಲೆಯುವ ಊರುನಾಯಿಗಳಿಂದ ಹುಚ್ಚು ಮತ್ತಿತರ ಸಾಂಕ್ರಾಮಿಕ ರೋಗಗಳು ಕೆನ್ನಾಯಿಗಳಿಗೆ ತಗಲುತ್ತವೆ. ಗುಂಪಾಗಿ ಬಾಳುವ, ಒಂದರ ಮುಖವನ್ನೊಂದು ನೆಕ್ಕುವ ಪ್ರಾಣಿಗಳಲ್ಲಿ ಇಂಥ ರೋಗ ಹೊಕ್ಕರೆ ಇಡೀ ಕುಟುಂಬವೇ ಅಳಿಯಬಹುದು. ಆದ್ದರಿಂದ ಸಾಕುನಾಯಿಯನ್ನು ಜೊತೆಗೆ ಕರೆದುಕೊಂಡು ಕಾಡಿಗೆ ಹೋಗುವುದು, ಅನುಮತಿಯ ಮಾತು ಹಾಗಿರಲಿ, ದಯೆಯ ಕೆಲಸವೂ ಅಲ್ಲ.

ಕನ್ನಡನಾಡು ನಾಯಿಯನ್ನು ಕಡೆಗಣಿಸಿದ ನಾಡಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ. ಶ. 949ರ ಶಾಸನವು ಕಾಳಿ ಎಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು ತನ್ನ ಒಡೆಯನಲ್ಲಿ ಬೇರೇನನ್ನೂ ಬೇಡದೆ ಈ ನಾಯಿಯನ್ನು ಬೇಡಿ ಪಡೆದನಂತೆ. ಮುಂದೆ ಅದು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಕೆನ್ನಾಯಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅದು ಬೇಟೆಯನ್ನು ಹುಲಿಯಂತೆ ಕುತ್ತಿಗೆ ಹಿಡಿದು ಕೊಲ್ಲುವುದಿಲ್ಲ. ಗುಂಪಾಗಿ ಓಡಿಸಿ, ಪಕ್ಕೆಯನ್ನೂ ಹಿಂಭಾಗವನ್ನೂ ಕಚ್ಚಿ ಹರಿದು, ಬಿದ್ದೊಡನೆ ತಿನ್ನತೊಡಗುತ್ತದೆ. ಈ ನೋಟವನ್ನು ಕಂಡ ಬೇಟೆಗಾರರು ಅದನ್ನು ಕ್ರೂರವೆಂದರು, ಹೇಡಿಯೆಂದರು. ತಮ್ಮ ಕೋವಿಗೆ ಸಿಗಬೇಕಾದ ಜಿಂಕೆಯನ್ನು ಅದು ಕದಿಯುತ್ತದೆ ಎಂಬ ಅಸೂಯೆಯೂ ಆ ಮಾತಿನಲ್ಲಿ ಬೆರೆತಿತ್ತೆನ್ನಬೇಕು. ಬ್ರಿಟಿಷರ ಕಾಲದಲ್ಲಿ ಕೊಂದ ಕೆನ್ನಾಯಿಗೆ ಇಷ್ಟು ಎಂದು ಸರ್ಕಾರವೇ ಬಹುಮಾನ ಕೊಡುತ್ತಿತ್ತು. ಗುಂಡು, ವಿಷ, ಉರುಲು ಎಲ್ಲವೂ ಅದರ ಮೇಲೆ ಪ್ರಯೋಗವಾದವು. ತೋಳಕ್ಕೂ ಇದೇ ಗತಿ. ಕಾಡಿನ ಜಾಡನ್ನು ಬಲ್ಲ ಅನೇಕರ ವಿದ್ಯೆಯು ಗೂಡನ್ನು ಹುಡುಕಿ ಮರಿಗಳನ್ನು ಕೊಲ್ಲುವುದಕ್ಕೆ ಬಳಕೆಯಾದದ್ದು ಆ ಕಾಲದ ದುರಂತ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದಕ್ಕೆ ತಡೆ ಹಾಕಿತು. ಅಷ್ಟರಲ್ಲಿ ಬಹಳಷ್ಟು ಕಾಡುಗಳಿಂದ ಕೆನ್ನಾಯಿ ಮರೆಯಾಗಿತ್ತು. ಇಡೀ ಜಗತ್ತಿನಲ್ಲಿ ಉಳಿದಿರುವ ಪ್ರೌಢ ಕೆನ್ನಾಯಿಗಳ ಸಂಖ್ಯೆ 949ರಿಂದ 2,215ರೊಳಗೆ ಇದ್ದೀತೆಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯು 2015ರಲ್ಲಿ ಅಂದಾಜು ಮಾಡಿದೆ. ಹುಲಿಯ ಸಂಖ್ಯೆ ಕಡಿಮೆಯಾಯಿತೆಂದು ಎಲ್ಲರೂ ಮರುಗುತ್ತೇವೆ. ಕೆನ್ನಾಯಿಯದು ಅದಕ್ಕಿಂತ ಕಡಿಮೆ ಎಂಬುದನ್ನು ಬಲ್ಲವರು ಎಷ್ಟು ಮಂದಿ?

ಹೆಜ್ಜೆಯನ್ನು ಓದುವುದರಲ್ಲಿ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಹುಲಿಗಣತಿಯೇ ಸಾಕ್ಷಿ. 1966ರಲ್ಲಿ ಒರಿಸ್ಸಾದ ಅರಣ್ಯಾಧಿಕಾರಿ ಸರೋಜರಾಜ ಚೌಧುರಿ ಅವರು ಒಂದು ವಿಧಾನವನ್ನು ರೂಪಿಸಿದರು. ಹುಲಿಯ ಹಿಂಗಾಲಿನ ಅಚ್ಚಿನ ಮೇಲೆ ಗಾಜಿನ ಹಲಗೆಯನ್ನಿಟ್ಟು ಅದರ ಆಕಾರವನ್ನು ಬರೆದುಕೊಳ್ಳುವುದು. ಹೀಗೆ ಬರೆದ ಚಿತ್ರಗಳನ್ನು ಹೋಲಿಸಿ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಎಣಿಸುವುದು. 1972ರ ಗಣತಿಯಲ್ಲಿ ದೇಶದಲ್ಲಿ 1,827 ಹುಲಿಗಳಿವೆ ಎಂದು ಹೀಗೆ ಲೆಕ್ಕ ಸಿಕ್ಕಿತು. ಮರುವರ್ಷವೇ ಹುಲಿ ಯೋಜನೆ ಆರಂಭವಾಯಿತು, ಬಂಡೀಪುರವು ಅದರ ಮೊದಲ ಕಾಡುಗಳಲ್ಲಿ ಒಂದಾಯಿತು. ವಿಧಾನವೇನೋ ಸರಳ. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಅಗಲವಾಗಿ, ಗಟ್ಟಿನೆಲದಲ್ಲಿ ಕಿರಿದಾಗಿ, ಧೂಳಿನಲ್ಲಿ ಇನ್ನೊಂದು ಬಗೆಯಾಗಿ ಬೀಳುತ್ತದೆ. ಬರೆಯುವವನ ಕೈಯೂ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಒಂದೇ ಹುಲಿ ಮೂರಾಗಬಹುದು, ಮೂರು ಒಂದಾಗಬಹುದು. ಹುಲಿಗಳ ಸಂಖ್ಯೆ ಹೆಚ್ಚಿದರೆ ಎಲ್ಲರಿಗೂ ಸಂತೋಷ; ಆದ್ದರಿಂದ ತಪ್ಪು ಯಾವ ಕಡೆಗೆ ವಾಲುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ರಾಜಸ್ಥಾನದ ಸರಿಸ್ಕಾ ಅರಣ್ಯದಲ್ಲಿ ಹುಲಿಗಳಿವೆಯೆಂದು ಲೆಕ್ಕದ ಪುಸ್ತಕ ಹೇಳುತ್ತಲೇ ಇತ್ತು. 2005ರಲ್ಲಿ ಹುಡುಕಿದಾಗ ಅಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. ಕಳ್ಳಬೇಟೆಗಾರರು ಎಲ್ಲವನ್ನೂ ಕೊಂದುಮುಗಿಸಿದ್ದರು.

ಈ ವಿಧಾನದ ಕುಂದನ್ನು ಬಹಳ ಮೊದಲೇ ಎತ್ತಿತೋರಿಸಿದವರು ಕರ್ನಾಟಕದವರೇ ಆದ ಡಾ. ಕೆ. ಉಲ್ಲಾಸ ಕಾರಂತರು. 1990ರ ದಶಕದ ಆರಂಭದಲ್ಲಿ ಅವರು ನಾಗರಹೊಳೆಯ ಕಾಡುದಾರಿಗಳಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ಕ್ರಮವನ್ನು ಬಳಕೆಗೆ ತಂದರು. ನಮ್ಮ ಬೆರಳಚ್ಚಿನಂತೆ ಹುಲಿಯ ಪಟ್ಟೆಯೂ ಒಂದರದಿದ್ದಂತೆ ಇನ್ನೊಂದರದಿರುವುದಿಲ್ಲ. 2006ರಿಂದ ದೇಶದ ಗಣತಿಯಲ್ಲಿಯೂ ಹೆಜ್ಜೆಯಿಂದ ತಲೆಯೆಣಿಸುವುದನ್ನು ಕೈಬಿಟ್ಟು ಕ್ಯಾಮೆರಾದ ಮಾರ್ಗವನ್ನು ಹಿಡಿಯಲಾಯಿತು. ಹಾಗೆಂದು ಹೆಜ್ಜೆ ಓದುವ ವಿದ್ಯೆ ಮೂಲೆಗೆ ಬೀಳಲಿಲ್ಲ. ಎಷ್ಟು ಹುಲಿಗಳಿವೆ ಎಂಬುದನ್ನು ಹೆಜ್ಜೆ ಹೇಳಲಾರದು, ಈ ಕಾಡಿನಲ್ಲಿ ಹುಲಿ ಇದೆಯೇ ಎಂಬುದನ್ನು ಹೇಳಬಲ್ಲದು. ಗಣತಿಯ ಮೊದಲ ಹಂತದಲ್ಲಿ ಈಗಲೂ ಕಾಲ್ನಡಿಗೆಯಲ್ಲಿ ಗುರುತುಗಳನ್ನು ಹುಡುಕುತ್ತಾರೆ. ಕ್ಯಾಮೆರಾವನ್ನು ಯಾವ ಮರಕ್ಕೆ ಕಟ್ಟಬೇಕೆಂದು ತೋರಿಸುವುದೂ ಹೆಜ್ಜೆಯೇ.

ಕೆನ್ನಾಯಿಯ ವಿಷಯದಲ್ಲಂತೂ ಕ್ಯಾಮೆರಾ ಸೋಲುತ್ತದೆ. ಅದಕ್ಕೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ. ಒಂದೇ ಅಚ್ಚಿನಿಂದ ತೆಗೆದಂತೆ ಎಲ್ಲವೂ ಕೆಂಪು ಮೈ, ಕಪ್ಪು ಬಾಲ. ಆದ್ದರಿಂದ ವಿಜ್ಞಾನಿಗಳು ಮತ್ತೆ ಜಾಡಿಗೇ ಮರಳಿದ್ದಾರೆ. ನಾಗರಹೊಳೆಗೆ ಹೊಂದಿಕೊಂಡಿರುವ ಕೇರಳದ ವಯನಾಡಿನ ಕಾಡಿನಲ್ಲಿ ದಾರಿಗಳ ಉದ್ದಕ್ಕೂ ಕೆನ್ನಾಯಿಯ ಮಲವನ್ನು ಸಂಗ್ರಹಿಸಿ, ಅದರಲ್ಲಿರುವ ವಂಶವಾಹಿಗಳನ್ನು ಪರೀಕ್ಷಿಸಿ, ಒಂದೊಂದು ಪ್ರಾಣಿಯನ್ನೂ ಪ್ರತ್ಯೇಕವಾಗಿ ಗುರುತಿಸುವುದು ಸಾಧ್ಯವಾಗಿದೆ.

ಜಾಡಿನ ಜ್ಞಾನವು ರೈತನಿಗೂ ಬೇಕಾದದ್ದು. ಕೊಡಗಿನ ಕಾಡಂಚಿನಲ್ಲಿ ಮೇಯಲು ಬಿಟ್ಟ ಹಸು ಸಂಜೆಗೆ ಬಾರದಿದ್ದರೆ ಮನೆಯವರ ಎದೆ ಹೊಡೆದುಕೊಳ್ಳುತ್ತದೆ. ವನ್ಯಮೃಗದಿಂದ ಸತ್ತ ದನಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ, ಆದರೆ ಕೊಂದದ್ದು ವನ್ಯಮೃಗವೇ ಎಂದು ಸಿಬ್ಬಂದಿ ಸ್ಥಳಕ್ಕೆ ಬಂದು ಕಂಡುಕೊಳ್ಳಬೇಕು. ಗಂಟಲಿನಲ್ಲಿ ಕೋರೆಹಲ್ಲಿನ ಆಳವಾದ ತೂತುಗಳಿದ್ದು, ತೊಡೆಯ ಹಿಂಭಾಗದಿಂದ ತಿಂದಿದ್ದರೆ ಬಹುಮಟ್ಟಿಗೆ ಹುಲಿ. ಪಕ್ಕೆ, ಹೊಟ್ಟೆಗಳನ್ನು ಹರಿದು ಅಲ್ಪ ಹೊತ್ತಿನಲ್ಲಿ ಎಲುಬಷ್ಟೇ ಉಳಿಸಿ, ಸುತ್ತಲೂ ಅನೇಕ ಹೆಜ್ಜೆಗಳು ಚದುರಿದ್ದರೆ ಕೆನ್ನಾಯಿಯ ಗುಂಪು. ಗಾಯದಿಂದ ರಕ್ತವೇ ಸುರಿದಿಲ್ಲವಾದರೆ ರೋಗದಿಂದ ಸತ್ತ ಮೇಲೆ ತಿಂದದ್ದು. ಮಳೆ ಬಂದು ಗುರುತು ಅಳಿಯುವ ಮೊದಲು ಓದಬಲ್ಲವನೊಬ್ಬ ಬರಲಿಲ್ಲವೆಂದರೆ, ಬಡವನೊಬ್ಬನ ನಷ್ಟಕ್ಕೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಹತಾಶನಾದವನು ಸತ್ತ ದನಕ್ಕೆ ವಿಷ ಹಾಕಿದರೆ ಆ ಹುಲಿಯೊಂದೇ ಅಲ್ಲ, ಹದ್ದು, ನರಿ, ಕೆನ್ನಾಯಿಗಳೆಲ್ಲ ಸಾಯುತ್ತವೆ.

ಈ ವಿದ್ಯೆಯಲ್ಲಿ ಪರಿಣತರು ಯಾರು? ಕೊಡಗು ಮತ್ತು ಮೈಸೂರು ಜಿಲ್ಲೆಗಳ ಕಾಡುಗಳಲ್ಲಿ ತಲೆಮಾರುಗಳಿಂದ ಬಾಳಿದ ಜೇನುಕುರುಬರು, ಬೆಟ್ಟಕುರುಬರು, ಯರವರು, ಕುಡಿಯರು. ಜೇನು ಹುಡುಕುವವನು, ಗೆಡ್ಡೆ ಅಗೆಯುವವನು ಆನೆಯ ಸುಳಿವನ್ನು ಅರಿಯದೆ ಕಾಡಿನಲ್ಲಿ ಒಂದು ದಿನ ಬದುಕಲಾರ. ಅರಣ್ಯ ಇಲಾಖೆಯ ಶಿಬಿರಗಳಲ್ಲಿ ಕಾವಲುಗಾರರಾಗಿ, ಮಾವುತರಾಗಿ ಇವರಲ್ಲಿ ಅನೇಕರು ದುಡಿಯುತ್ತಾರೆ. ವಿಜ್ಞಾನಿಗಳ ಪುಸ್ತಕಗಳಲ್ಲಿ ಕೊನೆಯ ಸಾಲಿನಲ್ಲಿ ಬರುವ ಕೃತಜ್ಞತೆಯ ಹಿಂದೆ ಇವರ ಕಣ್ಣುಗಳಿವೆ. ನಾಗರಹೊಳೆಯ ಒಳಗಿನ ಹಾಡಿಗಳಿಂದ ಅನೇಕ ಕುಟುಂಬಗಳು ಹೊರಗೆ ಬಂದು ನೆಲೆಸಿವೆ. ಅವರಿಗೆ ಸಲ್ಲಬೇಕಾದ ಹಕ್ಕುಗಳ ಚರ್ಚೆ ಮುಗಿದಿಲ್ಲ. ಕಾಡನ್ನು ಕಾಣದೆ ಬೆಳೆದ ಮಕ್ಕಳಿಗೆ ತಾತ ಕಲಿಸಬೇಕೆಂದರೂ ಕಲಿಸಲು ನೆಲವೇ ಇಲ್ಲ. ಶಾಲೆಯ ಓದು ಬಂದಷ್ಟೂ ಒಳ್ಳೆಯದೇ. ಆದರೆ ಅದು ಬರುವ ಬಾಗಿಲಿನಿಂದಲೇ ಇದು ಹೊರಟುಹೋಗಬೇಕಾಗಿಲ್ಲ.

ಜಾಡು ಓದುವುದನ್ನು ಕಲಿಯಲು ದಟ್ಟವಾದ ಕಾಡಿಗೇ ಹೋಗಬೇಕೆಂದಿಲ್ಲ. ವನ್ಯಜೀವಿಧಾಮವನ್ನು ಅನುಮತಿಯಿಲ್ಲದೆ ಪ್ರವೇಶಿಸಲೂ ಆಗದು. ಮನೆಯ ಹಿತ್ತಲಿನ ಒದ್ದೆ ಮಣ್ಣು, ಗದ್ದೆಯ ಬದು, ಕೆರೆಯ ದಂಡೆ ಸಾಕು. ಒಂದು ಮೊರದಷ್ಟು ಜಾಗದಲ್ಲಿ ನಯವಾದ ಮಣ್ಣನ್ನು ಜರಡಿ ಹಿಡಿದು ಹರಡಿ, ಸಂಜೆ ನೀರು ಚಿಮುಕಿಸಿ ಬಿಟ್ಟರೆ ಬೆಳಗಾಗುವುದರೊಳಗೆ ನಾಯಿ, ಬೆಕ್ಕು, ಮುಂಗುಸಿ, ಹೆಗ್ಗಣ, ಕೋಳಿಗಳು ಸಹಿ ಹಾಕಿರುತ್ತವೆ. ನಾಯಿಯ ಹೆಜ್ಜೆಯನ್ನೂ ಬೆಕ್ಕಿನ ಹೆಜ್ಜೆಯನ್ನೂ ಪಕ್ಕಪಕ್ಕದಲ್ಲಿ ಬರೆದು ಉಗುರಿನ ಚುಕ್ಕೆಗಳನ್ನು ಹುಡುಕಿರಿ. ಮುಂಗಾಲಿಗೂ ಹಿಂಗಾಲಿಗೂ ಇರುವ ಗಾತ್ರದ ಭೇದವನ್ನು ಅಳೆಯಿರಿ. ನಡೆದಾಗ, ಓಡಿದಾಗ ಹೆಜ್ಜೆಗಳ ನಡುವಣ ಅಂತರ ಹೇಗೆ ಬದಲಾಗುತ್ತದೆಂದು ನೋಡಿರಿ. ಅಚ್ಚನ್ನು ಉಳಿಸಿಕೊಳ್ಳಬೇಕೆಂದಿದ್ದರೆ ಅದರ ಸುತ್ತ ರಟ್ಟಿನ ಪಟ್ಟಿಯನ್ನು ಬಳೆಯಂತೆ ಊರಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ನೀರಿನಲ್ಲಿ ಕಲಸಿ ಮೆಲ್ಲನೆ ಸುರಿಯಬೇಕು. ಅರ್ಧ ಗಂಟೆಯಲ್ಲಿ ಅದು ಗಟ್ಟಿಯಾಗುತ್ತದೆ. ಎತ್ತಿ, ಮಣ್ಣನ್ನು ಒರೆಸಿ, ಹಿಂಬದಿಯಲ್ಲಿ ಸ್ಥಳ, ದಿನಾಂಕ, ನೆಲದ ಬಗೆ, ಯಾವ ಕಾಲು ಎಂಬುದನ್ನು ಮರೆಯದೆ ಬರೆಯಿರಿ.